ಅಕ್ಕೋರ ಮಡಚಿದ ಬೆರಳು

ಮೊನ್ನೆ ಹಳಿಯಾಳ ರಸ್ತೆಯ ತಿರುವಿನಲ್ಲಿ ನೀಲಗಿರಿ ದಿಮ್ಮಿ ಹೇರಿದ ಲಾರಿಯೊಂದು ಕೆಟ್ಟು ನಿಂತಿತ್ತು. ಅದರ ಹಿಂದೆ ನನ್ನ ಸ್ಕೂಟರ್, ಬೆನ್ನಿಗೆ ಅಂಟಿಕೊಂಡು ಕುಳಿತ ಮಗಳು. ಹಸಿ ನೀಲಗಿರಿಯ ವಾಸನೆ ಮೂಗಿಗೆ ಬಡಿಯಿತು. ದಾಂಡೇಲಿಯಲ್ಲಿ ಬೆಳೆದವರಿಗೆ ಆ ವಾಸನೆ ಎಂದರೆ ಕಾಗದದ ಕಾರ್ಖಾನೆ. ನನಗೆ ಮಾತ್ರ ಅದು ಅಕ್ಕೋರ ಬಲಗೈ...

ನಮಗೆ ನೃತ್ಯ ಕಲಿಸುತ್ತಿದ್ದವರನ್ನು ನಾವೆಲ್ಲ ಅಕ್ಕೋರು ಎಂದೇ ಕರೆಯುತ್ತಿದ್ದೆವು. ಧಾರವಾಡದ ಕಡೆಯವರು. ಅಣ್ಣನಿಗೆ ಕಾರ್ಖಾನೆಯಲ್ಲಿ ಕೆಲಸ, ನಮ್ಮ ಸಾಲಿನ ಕೊನೆಯ ಕ್ವಾರ್ಟರ್ಸಿನಲ್ಲಿ ಅವರ ಮನೆ. ಸಂಜೆ ಮುಂದಿನ ಕೋಣೆಯ ಮಂಚ ಎತ್ತಿ ನಿಲ್ಲಿಸಿದರೆ ಅದೇ ನಮ್ಮ ಪಾಠಶಾಲೆ. ಅವರಿಗೆ ಮಾತಾಡಿ ಕಲಿಸುವುದು ಗೊತ್ತೇ ಇರಲಿಲ್ಲ. ಎದುರಿಗೆ ನಿಂತು ಕೈ ಎತ್ತುತ್ತಿದ್ದರು, ಅಷ್ಟೆ.

"ತಲಿಗೆ ಕೆಲಸ ಹಚ್ಚಬ್ಯಾಡ್ರಿ. ನನ್ನ ಕೈ ನೋಡ್ರಿ, ನಿಮ್ಮ ಕೈ ತಾನ ಎದ್ದು ಬರತೈತಿ" ಅನ್ನುತ್ತಿದ್ದರು.

ಬರುತ್ತಿತ್ತು. ಎಷ್ಟರ ಮಟ್ಟಿಗೆ ಅಂದರೆ, ನಡುವೆ ಅವರು ಬೇಕೆಂದೇ ಮೂಗು ತುರಿಸಿಕೊಂಡರೆ ನಾವೂ ಸಾಲಾಗಿ ಮೂಗು ತುರಿಸಿಕೊಳ್ಳುತ್ತಿದ್ದೆವು. ಅಕ್ಕೋರಿಗೆ ನಗು ತಡೆಯಲಾಗುತ್ತಿರಲಿಲ್ಲ. ಇಷ್ಟು ವರ್ಷ ಬಾಯಿ ಜೋರು ಎಂದು ಹೆಸರು ತೆಗೆದುಕೊಂಡವಳು ನಾನು, ಯಾರ ಮಾತನ್ನೂ ಕೇಳಿದವಳಲ್ಲ. ಆದರೆ ಅವರ ಕೈಯನ್ನು ಮಾತ್ರ ಎದುರು ಮಾತಿಲ್ಲದೆ ಕೇಳಿದೆ.

ಒಂದು ಮಳೆಗಾಲ ಕಳೆದ ಮೇಲೆ ಅಕ್ಕೋರು ಪಾಠಕ್ಕೆ ಮುಂಚೆ ಬಲಗೈಗೆ ನೀಲಗಿರಿ ಎಣ್ಣೆ ತಿಕ್ಕಿಕೊಳ್ಳತೊಡಗಿದರು. ಕೇಳಿದರೆ ಜೋಮು ಹಿಡಿದಿದೆ ಅಂದರು. ಕೋಣೆಯೊಳಗೆ ಕಾಲಿಟ್ಟರೆ ಕಣ್ಣು ಉರಿಯುವಷ್ಟು ವಾಸನೆ. ಕೈಯನ್ನು ತಾವರೆಯ ಹಾಗೆ ಪೂರ್ತಿ ಅರಳಿಸುವ ಮುದ್ರೆಯೊಂದಿತ್ತು. ಅವರ ಕೊನೆಯ ಎರಡು ಬೆರಳು ಅರಳದೆ ಅರ್ಧಕ್ಕೇ ನಿಲ್ಲುತ್ತಿದ್ದವು. ನಾವು ಅದನ್ನು ನೋಡಲಿಲ್ಲ. ನೋಡಿದೆವು, ಆದರೆ ತಲೆಗೆ ಕೆಲಸ ಹಚ್ಚಲಿಲ್ಲ.

ಒಂದು ದಿನ ತಟ್ಟೆಯ ಮುಂದೆ ಕೂತಾಗ ಅವ್ವ ನನ್ನ ಕೈಯನ್ನೇ ದಿಟ್ಟಿಸಿದಳು.

"ಯಾಕ ಕೈ ಹಂಗ ಹಿಡದೀ? ಸೆಟದೈತೇನು?"

ನನ್ನ ಬಲಗೈಯ ಕೊನೆಯ ಎರಡು ಬೆರಳು ಮಡಚಿಕೊಂಡಿದ್ದವು. ಬಿಡಿಸಿದೆ. ಬಿಟ್ಟ ಕೂಡಲೇ ಮತ್ತೆ ಮಡಚಿಕೊಂಡವು. ಅವ್ವ ಊಟ ಅರ್ಧಕ್ಕೇ ಬಿಟ್ಟು ಪಕ್ಕದ ಮನೆಗೆ ಓಡಿದಳು. ಅಲ್ಲಿನ ಹುಡುಗಿಯೂ ನನ್ನ ಜೊತೆ ಕಲಿಯುತ್ತಿದ್ದಳು. ಅವಳ ಬೆರಳೂ ಹಾಗೇ ಇದ್ದವು. ಅವ್ವನ ಮುಖ ಬಿಳಿಚಿದ್ದು ಈಗಲೂ ಕಣ್ಣಿಗೆ ಕಟ್ಟಿದಂತಿದೆ.

ಡಾಕ್ಟರು ನನ್ನ ಬೆರಳನ್ನು ಹಿಂದೆ ಮುಂದೆ ಬಗ್ಗಿಸಿ ನೋಡಿದರು. "ಹುಡುಗಿಗೆ ಏನೂ ಆಗಿಲ್ರಿ. ಯಾರನ್ನೋ ನೋಡಿ ಹಿಂಗ ಹಿಡ್ಯಾಕ ಕಲತಾಳ. ಅವರನ್ನ ಲಗೂನ ಕರಕೊಂಡ ಬರ್ರಿ" ಅಂದರು. ಕುಣಿತ ನೋಡುವಾಗ ನೋಡುವವರ ಮಿದುಳೂ ಒಳಗೊಳಗೇ ಕುಣಿಯುತ್ತದೆ, ದಿನಾ ನೋಡಿ ಕುಣಿಯುವವರಿಗೆ ಇನ್ನೂ ಹೆಚ್ಚು ಎಂದು ಅವ್ವನಿಗೆ ಬಿಡಿಸಿ ಹೇಳಿದರು. ಅವ್ವನಿಗೆ ಅದು ಎಷ್ಟು ತಿಳಿಯಿತೋ. ಯಾರನ್ನು ಕರೆದು ತರಬೇಕು ಎಂಬುದಂತೂ ತಿಳಿಯಿತು. ನೆಟ್ಟಗೆ ಅಕ್ಕೋರ ಮನೆಗೇ ಹೋದಳು, ನನ್ನ ಕೈ ಹಿಡಿದುಕೊಂಡೇ.

ಅಕ್ಕೋರು ನನ್ನ ಬೆರಳು ನೋಡಿದರು. ತಮ್ಮ ಬೆರಳು ನೋಡಿಕೊಂಡರು.

"ಕಾರ್ಯಕ್ರಮ ಒಂದ್ ಮುಗೀಲಿ ಬಿಡ್ರಿ. ಈಗ ನಾ ಹಾಸಿಗಿ ಹಿಡದ್ರ ಈ ಹುಡುಗ್ಯಾರು ಯಾರ ಕೈ ನೋಡಬೇಕ್ರಿ?"

ಅವ್ವ ಬೈದಳು, ಕೈ ಮುಗಿದಳು. ಅಕ್ಕೋರು ಜಗ್ಗಲಿಲ್ಲ. ನಮ್ಮನ್ನು ಮೊದಲ ಸಲ ವೇದಿಕೆ ಹತ್ತಿಸುವವರಿದ್ದರು. ಅದೊಂದು ಆಸೆ ಬಿಟ್ಟರೆ ಅವರಿಗೆ ಬೇರೆ ಇನ್ನೇನಿತ್ತು...

ಕಾರ್ಯಕ್ರಮದ ಸಂಜೆ ಸಭಾಭವನ ತುಂಬಿತ್ತು. ಅಕ್ಕೋರು ಪಕ್ಕದ ಪರದೆಯ ಮರೆಯಲ್ಲಿ, ನಮಗೆ ಮಾತ್ರ ಕಾಣುವಂತೆ ನಿಂತಿದ್ದರು. ಹಾಡು ಶುರುವಾಯಿತು, ಅವರ ಕೈ ಎದ್ದಿತು, ನಮ್ಮ ಕೈಗಳೂ ಎದ್ದವು. ಅರ್ಧ ಹಾಡಿನವರೆಗೆ ಎಲ್ಲ ಸರಿಯಾಗಿತ್ತು. ಆಮೇಲೆ ಅವರ ಬಲಗೈ ಗಾಳಿಯಲ್ಲೇ ನಿಂತಿತು. ನಮ್ಮವೂ ನಿಂತವು. ಹಾಡು ತನ್ನ ಪಾಡಿಗೆ ಮುಂದೆ ಹೋಗುತ್ತಿತ್ತು. ಅಕ್ಕೋರ ಬಲಭುಜ ಇಳಿಯಿತು, ಮೊಣಕಾಲು ಮಡಚಿತು, ಪರದೆಯ ಕಂಬಕ್ಕೆ ಒರಗಿ ಅವರು ನಿಧಾನವಾಗಿ ಕೆಳಗೆ ಜಾರಿದರು.

ನಾವೂ ಜಾರಿದೆವು. ಒಬ್ಬಳೂ ತಪ್ಪಲಿಲ್ಲ.

ಸಭೆಗೆ ಅದೂ ಕುಣಿತವೇ. ಚಪ್ಪಾಳೆ ಬಿತ್ತು. ಹಲಗೆಗೆ ಕೆನ್ನೆ ಒತ್ತಿಕೊಂಡು ಬಿದ್ದಿದ್ದ ನನಗೆ ಅಕ್ಕೋರ ಮುಖ ಕಾಣುತ್ತಿತ್ತು. ಬಾಯಿ ಒಂದು ಕಡೆ ಎಳೆದಿತ್ತು. ಕಣ್ಣು ತೆರೆದೇ ಇತ್ತು, ನಮ್ಮನ್ನೇ ನೋಡುತ್ತಿತ್ತು. ಅವರು ಎಡಗೈ ಎತ್ತಿದರು, ಯಾರನ್ನಾದರೂ ಕರೆಯಿರಿ ಎನ್ನುವ ಹಾಗೆ. ನಾವೆಲ್ಲ ಬಿದ್ದಲ್ಲಿಂದಲೇ ಕೈ ಎತ್ತಿದೆವು. ಚಪ್ಪಾಳೆ ಇನ್ನೂ ಜೋರಾಯಿತು. ಅವರು ಮತ್ತೆ ಎತ್ತಿದರು. ನಾವು ಮತ್ತೆ ಎತ್ತಿದೆವು. ದೇವರೇ, ಆ ಚಪ್ಪಾಳೆ ನನ್ನ ಕಿವಿಯಿಂದ ಇನ್ನೂ ಹೋಗಿಲ್ಲ.

ಕೊನೆಗೆ ಎದ್ದು ಓಡಿಬಂದದ್ದು ಅವ್ವ. "ಚಪ್ಪಾಳಿ ನಿಲ್ಲಸ್ರಿ, ಇದು ಕುಣಿತ ಅಲ್ಲ" ಎಂದು ಕೂಗುತ್ತ ಅವಳು ವೇದಿಕೆ ಹತ್ತಿ, ನನ್ನನ್ನು ದಾಟಿ, ಪರದೆಯ ಹಿಂದೆ ನುಗ್ಗಿದಳು. ಅಕ್ಕೋರನ್ನು ಜೀಪಿನಲ್ಲಿ ಹಾಕಿಕೊಂಡು ಹುಬ್ಬಳ್ಳಿಗೆ ಹೊರಟರು. ಹಳಿಯಾಳ ದಾಟುವುದರೊಳಗೆ ಎಲ್ಲ ಮುಗಿದಿತ್ತು.

ಆಮೇಲೆ ನಾನು ಗೆಜ್ಜೆ ಕಟ್ಟಲಿಲ್ಲ. ಕಲಿತ ಅಡವು, ಹಾಡು, ಎಲ್ಲ ಮರೆತುಹೋಗಿದೆ. ಅಕ್ಕೋರ ನಗು ಹೇಗಿತ್ತು ಎಂದು ನೆನಪಿಸಿಕೊಳ್ಳಲು ಹೋದರೆ ಆ ಎಳೆದ ಬಾಯಿಯೇ ಅಡ್ಡ ಬರುತ್ತದೆ...

ಲಾರಿ ಕಡೆಗೂ ಗುರುಗುಟ್ಟಿ ಹೊರಟಿತು. ದಿಮ್ಮಿಗಳ ಮೇಲೆ ಕುಳಿತಿದ್ದ ಹಮಾಲನಿಗೆ ಮಗಳು ಬಲಗೈ ಎತ್ತಿ ಟಾಟಾ ಮಾಡಿದಳು. ಅವಳ ಕೈ ನನ್ನ ಭುಜದ ಪಕ್ಕದಲ್ಲೇ ಇತ್ತು. ಕೊನೆಯ ಎರಡು ಬೆರಳು ಮಡಚಿಕೊಂಡಿದ್ದವು.

ಸ್ಕೂಟರ್ ಬದಿಗೆ ನಿಲ್ಲಿಸಿ, ಇಳಿದು, ಆ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದೆ. ಬೆಣ್ಣೆಯ ಹಾಗೆ ಮೆತ್ತಗೆ ಬಿಚ್ಚಿಕೊಂಡವು. ಅವಳು ನಕ್ಕು ಮತ್ತೆ ಮಡಚಿದಳು.

"ಹಿಂಗ ಅಲ್ಲೇನವ್ವಾ, ನೀ ಮಾಡೂದು?"

ನನ್ನ ಕೈ ನೋಡಿಕೊಂಡೆ. ಆ ಎರಡು ಬೆರಳು ಇನ್ನೂ ಮಡಚಿಕೊಂಡೇ ಇದ್ದವು. ಅಕ್ಕೋರು ಹೋಗಿ ಇಷ್ಟು ವರ್ಷವಾಯಿತು. ಅವರದೆಂದು ಈ ಲೋಕದಲ್ಲಿ ಉಳಿದಿರುವುದು ಇದೊಂದೇ. ಮಗಳ ಕಣ್ಣು ನನ್ನ ಬೆರಳ ಮೇಲೇ ಇತ್ತು. ನಾನು ಕೈಯನ್ನು ಸೆರಗಿನೊಳಗೆ ಮುಚ್ಚಿಕೊಂಡೆ. ಅವಳೂ ತನ್ನ ಕೈಯನ್ನು ಫ್ರಾಕಿನೊಳಗೆ ಮುಚ್ಚಿಕೊಂಡಳು.