ತಂದೆಯ ಹೆಸರು ಒಂದೇ ತಾನೆ?

ಡ್ರೈವರ್ ಚಂದ್ರನ್‌ಗೆ ಕ್ಯಾನ್ಸರ್ ಬಂದಾಗ ಆಸ್ಪತ್ರೆಯ ಬಿಲ್ಲನ್ನೆಲ್ಲ ನಾನೇ ಕಟ್ಟಿದೆ. ಅವನು ಕೆಲಸಕ್ಕಿದ್ದ ಪಾಲಿಬೆಟ್ಟದ ಕಾಫಿ ಎಸ್ಟೇಟಿನಲ್ಲೇ ನಾನು ರೈಟರ್, ಆಳುಗಳ ಹಾಜರಿ ಬರೆಯುವವನು. ನಮ್ಮಿಬ್ಬರಿಗೂ ಹಿಂದೆ ಮುಂದೆ ಯಾರೂ ಇಲ್ಲ, ಒಂದೇ ಕ್ವಾರ್ಟರ್ಸು, ಒಂದೇ ಒಲೆ. ಆಸ್ಪತ್ರೆಯಲ್ಲಿ ನೀವ್ಯಾರೆಂದು ಕೇಳಿದಾಗ 'ಅಣ್ಣ' ಎಂದೆ. ಹಾಗೇ ಬರೆದುಕೊಂಡರು. ಅವನು ಉಳಿಯಲಿಲ್ಲ.

ಮೊನ್ನೆ ಟ್ಯಾಕ್ಸ್ ರಿಟರ್ನ್ಸ್ ಹಾಕಿಸಲು ಹೋದಾಗ ಆಡಿಟರ್ ಮೇಡಂ ಆ ಬಿಲ್ಲುಗಳನ್ನು ನೋಡಿದರು.

"ನಿಮ್ಮನ್ನೇ ನಂಬಿಕೊಂಡಿದ್ದ ತಮ್ಮ ಅಂದ್ರೆ ಈ ಖರ್ಚಿಗೆ ವಿನಾಯಿತಿ ಸಿಗುತ್ತೆ ಸಾರ್. ತಂದೆಯ ಹೆಸರು ಇಬ್ಬರಿಗೂ ಒಂದೇ ತಾನೆ?"

"ಅವನ ಅಪ್ಪನ ಹೆಸರು ಗೊತ್ತಿಲ್ಲ ಮೇಡಂ."

ಅವರು ಕೀಬೋರ್ಡಿನಿಂದ ಕೈ ತೆಗೆದರು. "ಸ್ವಂತ ತಮ್ಮ ಅಲ್ವಾ?"

"ಒಟ್ಟಿಗೆ ಉಣ್ತಿದ್ವಿ. ಅಪ್ಪನ ಹೆಸರು ಕೇಳೋ ಸಂದರ್ಭ ಬರಲಿಲ್ಲ."

"ಅದನ್ನ ಇಲಾಖೆ ಒಪ್ಪಲ್ಲ ಸಾರ್," ಎಂದು ಬಿಲ್ಲುಗಳನ್ನು ಜೋಡಿಸಿ, ಮೆಲ್ಲಗೆ ನನ್ನ ಕಡೆ ಸರಿಸಿದರು.

ಇನ್ನೊಂದು ವಿಷಯ ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ವಯಸ್ಸಿನಲ್ಲಿ ಚಂದ್ರನೇ ದೊಡ್ಡವನು. ನಾನು ಅಣ್ಣ ಎಂದು ಬರೆಸಿದ್ದಕ್ಕೆ ಮಂಚದ ಮೇಲಿಂದಲೇ ಜಗಳ ತೆಗೆದಿದ್ದ. ಮನೆಗೆ ಹೋದ ಮೇಲೆ ಇತ್ಯರ್ಥ ಮಾಡಿಕೊಳ್ಳೋಣ ಎಂದು ನಾನೇ ಸುಮ್ಮನಾಗಿಸಿದ್ದೆ.