ಇಪ್ಪತ್ತು ಮಂದಿ ಡಲ್ಲಾಸ್

೧೯೭೧ರಲ್ಲಿ, ಏಳನೇ ಇಯತ್ತೆಗೇ ಶಾಲೆ ಬಿಟ್ಟವನು ನಾನು. ೨೦೦೨ರ ಒಂದು ಮಧ್ಯಾಹ್ನ, ಅಮೆರಿಕದ ಡಲ್ಲಾಸ್ ಪಟ್ಟಣದ ಪಕ್ಕದ ಯೂಲೆಸ್‌ನ ನನ್ನ ಮೋಟೆಲಿನೆದುರು ಚೌಕಳಿ ಲಂಗ ಉಟ್ಟ ಗಂಡಸರು ಬಸ್ಸಿನಿಂದ ಇಳಿದರು. ಸ್ಕಾಟ್ಲೆಂಡಿನವರು, ಹೆಂಗಸರೂ ಸೇರಿ ಇಪ್ಪತ್ತು ಮಂದಿ. ಎಲ್ಲರ ಮನೆತನದ ಹೆಸರೂ ಡಲ್ಲಾಸ್. ತಮ್ಮ ಹೆಸರಿನ ಪಟ್ಟಣ ನೋಡಲು ಬಂದಿದ್ದರು. ಆ ತಿಂಗಳು ನನಗಿದ್ದ ದೊಡ್ಡ ಗಿರಾಕಿ ಅವರೇ.

ಹೆಸರು ಒಂದೇ ಆದದ್ದರಿಂದ ನಾನು ಕೀಲಿಗಳನ್ನು ಅದಲುಬದಲು ಕೊಟ್ಟೆ. ಒಬ್ಬ ಡಲ್ಲಾಸ್ ಹೋಗಿ ಡಲ್ಲಾಸ್ ಅಜ್ಜಿಯೊಬ್ಬಳ ಕೋಣೆಯ ಬಾಗಿಲು ತೆರೆದುಬಿಟ್ಟ. ಅಜ್ಜಿ ಕಿರುಚಿದಳು. ಅವರ ಮುಖಂಡ ಬೇರೆ ಮೋಟೆಲಿಗೆ ಹೋಗುತ್ತೇವೆಂದು ಪೆಟ್ಟಿಗೆ ಎತ್ತಿದ.

ನಮ್ಮೂರಿನಲ್ಲಿ ಅರ್ಧ ಊರೇ ಪಾಟೀಲರು. ಗುರುತಿಗೆ ಮೀಸಿ ಪಾಟೀಲ, ಕುಂಬಳಕಾಯಿ ಪಾಟೀಲ ಅನ್ನುತ್ತಿದ್ದೆವು; ಆ ಕುಂಬಳಕಾಯಿ ನಾನೇ. ಹಾಗೇ ಒಂದೊಂದು ಕೀಲಿಗೂ ಇಂಗ್ಲಿಷಿನಲ್ಲಿ ಬರೆದು ಚೀಟಿ ಕಟ್ಟಿದೆ: ಮೀಸೆ ಡಲ್ಲಾಸ್, ಉದ್ದಮೂಗಿನ ಡಲ್ಲಾಸ್, ಕಿರುಚುವ ಡಲ್ಲಾಸ್.

"ಏನ್ರೀ ಇದು! ಕೋರ್ಟಿಗೆ ಎಳೀತಾರ ನೋಡ್ರಿ ನಿಮ್ಮನ್ನ" ಎಂದು ಹೆಂಡತಿ ಹಣೆ ಚಚ್ಚಿಕೊಂಡಳು.

ಅಜ್ಜಿ ತನ್ನ ಚೀಟಿ ಓದಿ ಗಹಗಹಿಸಿ ನಕ್ಕಳು. "ನಮ್ಮೂರಲ್ಲೂ ಹೀಗೇ ಕರೆಯೋದು. ಅಲ್ಲಿ ನಾನು ಕೋಳಿ ಡಲ್ಲಾಸ್!" ಮುಖಂಡ ಪೆಟ್ಟಿಗೆ ಕೆಳಗಿಟ್ಟ.

ಹೊರಡುವಾಗ ಅವರೆಲ್ಲ ಸೇರಿ ನನಗೆ ಪ್ಯಾಂಟಿನ ಡಲ್ಲಾಸ್ ಎಂದು ಹೆಸರಿಟ್ಟರು. ಈಗ ನನಗಿರುವುದು ಒಂದು ಮೋಟೆಲ್, ನಲವತ್ತು ಕೋಣೆ, ಎರಡು ಅಡ್ಡಹೆಸರು.