ಇಂಗ್ಲಿಷ್ ಕೋಣೆಯ ಅಕ್ಕೋರು

ಸೀರೆಯ ಮಡಿಕೆಗಳ ನಡುವೆ ಸೋಪಿನ ಖಾಲಿ ಡಬ್ಬಿ ಇಡುವುದು ನನ್ನ ತಾಯಿಯಿಂದ ಬಂದ ರೂಢಿ. ಮೊನ್ನೆ ಕಪಾಟು ಹಸನು ಮಾಡುವಾಗ ಇಳಕಲ್ ಸೀರೆಯೊಂದರ ಒಳಗಿನಿಂದ ಗಂಧದ ಸೋಪಿನ ಚಪ್ಪಟೆಯಾದ ರಟ್ಟಿನ ಡಬ್ಬಿ ಜಾರಿ ಬಿತ್ತು. ಬಣ್ಣ ಮಾಸಿತ್ತು. ವಾಸನೆ ಮಾತ್ರ ಒಂದೆಳೆ ಉಳಿದಿತ್ತು. ಮೂಗಿಗೆ ಹಿಡಿದಾಗ ನೆನಪಾದದ್ದು ತಾಯಿಯಲ್ಲ... ನಮ್ಮೂರ ಶಾಲೆಯ ಒಂದು ಕೋಣೆ, ಮತ್ತು ಆ ಕೋಣೆಯ ಅಕ್ಕೋರು.

ಧಾರವಾಡದ ಕಾನ್ವೆಂಟಿನಲ್ಲಿ ಓದಿದ ನಾನು ಮದುವೆಯಾಗಿ ಬಂದದ್ದು ಕಟಕೋಳದಿಂದ ಒಳಗೆ ಹೋಗುವ ಒಂದು ಹಳ್ಳಿಗೆ. ಬಂದ ಕೆಲವು ವರ್ಷಗಳ ಮೇಲೆ ಒಂದು ಸಂಜೆ ಶಾಲೆಯಲ್ಲಿ ಇಂಗ್ಲಿಷ್ ಕಲಿಸುವ ಅಕ್ಕೋರು ಬಾಗಿಲಿಗೆ ಬಂದರು. ಬೈಲಹೊಂಗಲದ ಕಡೆಯವರು, ನನಗಿಂತ ಹತ್ತು ಹನ್ನೆರಡು ವರ್ಷ ದೊಡ್ಡವರು, ಊರಲ್ಲೇ ಒಂದು ಖೋಲಿ ಬಾಡಿಗೆಗೆ ಹಿಡಿದು ಒಬ್ಬರೇ ಇರುತ್ತಿದ್ದರು. ಹೆಗಲಿಗೆ ಒಂದು ದೊಡ್ಡ ಸಂತೆಚೀಲ.

"ತಂಗಿ, ಖಾಲಿ ಡಬ್ಬಿ ಅದಾವೇನವ್ವಾ? ಸೋಪಿಂದು, ಚಹಾಪುಡಿದು, ಏನಿದ್ರೂ ನಡೀತದ. ಅಂಗಡಿ ಇಡಾಕ ಹತ್ತೇನಿ."

ನಮ್ಮತ್ತೆಗೆ ಗಾಬರಿ. "ಸರಕಾರಿ ಪಗಾರ ಸಾಲವಲ್ದೇನ್ರಿ ಅಕ್ಕೋರ?" ಎಂದು ಕೇಳಿಯೇ ಬಿಟ್ಟರು. ಅಕ್ಕೋರು ಕಣ್ಣಲ್ಲಿ ನೀರು ಬರುವಂತೆ ನಕ್ಕರು.

ಅದು ಮಕ್ಕಳ ಅಂಗಡಿ. ಶಾಲೆಯ ಹಿಂಭಾಗದ ಹಳೆಯ ಕೋಣೆಯೊಂದಕ್ಕೆ ಅವರೇ ಸುಣ್ಣ ಹಚ್ಚಿ, ಒಳಗೊಂದು ಸಣ್ಣ ಪೇಟೆಯನ್ನೇ ಎಬ್ಬಿಸಿದ್ದರು. ಒಂದು ಮೂಲೆಗೆ ಖಾಲಿ ಡಬ್ಬಿಗಳ ಅಂಗಡಿ. ಇನ್ನೊಂದು ಮೂಲೆಗೆ ಬೆಂಚು ಸಾಲಾಗಿ ಇಟ್ಟರೆ ರಾಮದುರ್ಗದ ಬಸ್ಸು. ಕಿಟಕಿಯ ಕೆಳಗೆ ಒಂದು ಮೇಜು, ಒಂದು ಬಿಳಿ ಅಂಗಿ, ಅದು ದವಾಖಾನೆ. ಅಲ್ಲಿ ಯಾರೂ ಪಾಠ ಮಾಡುತ್ತಿರಲಿಲ್ಲ. ಕೊಳ್ಳುತ್ತಿದ್ದರು, ಮಾರುತ್ತಿದ್ದರು, ಟಿಕೆಟ್ ಹರಿಯುತ್ತಿದ್ದರು, ಕೆಮ್ಮುತ್ತಿದ್ದರು. ಎಲ್ಲವೂ ಇಂಗ್ಲಿಷಿನಲ್ಲಿ.

ಕೋಣೆಗೆ ಇದ್ದದ್ದು ಒಂದೇ ಕಟ್ಟಳೆ. "ಚಪ್ಪಲಿ ಜೋಡಿ ಕನ್ನಡಾನೂ ಹೊರಗ ಬಿಟ್ಟು ಬರ್ರಿ" ಎನ್ನುತ್ತಿದ್ದರು ಅಕ್ಕೋರು. ಒಬ್ಬ ಪೋರ, "ಅಕ್ಕೋರ, ಚಪ್ಪಲಿ ನಾಯಿ ಒಯ್ತಂದ್ರ ಹೊಸಾವು ತರಬೌದು. ಕನ್ನಡ ಒಯ್ತಂದ್ರ?" ಎಂದು ಕೇಳಿದ್ದನಂತೆ. ಅದನ್ನು ಅವರು ನನಗೆ ಎಷ್ಟು ಸಲ ಹೇಳಿ ನಕ್ಕಿದ್ದರೋ...

ನನ್ನ ಇಂಗ್ಲಿಷ್ ಕಿವಿಗೆ ಬಿದ್ದ ಮೇಲೆ ಅವರು ನನ್ನನ್ನೂ ಆಗಾಗ ಕರೆಯುತ್ತಿದ್ದರು. ನಾನು ಹೊರಗಿನಿಂದ ಬಂದ ಗಿರಾಕಿ. ಇಲ್ಲದ ಸಕ್ಕರೆಯನ್ನು ತೂಗಿಸಿಕೊಂಡು, ತುಟ್ಟಿಯಾಯಿತೆಂದು ಜಗಳ ಮಾಡುತ್ತಿದ್ದೆ. ನಮ್ಮ ಕಾನ್ವೆಂಟಿನಲ್ಲಿ ಇಂಗ್ಲಿಷ್ ಎಂದರೆ ಪ್ರಾರ್ಥನೆ ಮತ್ತು ಅಪ್ಪಣೆ. ಹೊರಗೆ ಹೋಗಲೇ, ಒಳಗೆ ಬರಲೇ. ನನ್ನ ಹೊಟ್ಟೆಯೊಳಗಿನ ಒಂದು ಮಾತನ್ನೂ ಆ ಭಾಷೆಯಲ್ಲಿ ನಾನು ಆಡಿದ್ದಿಲ್ಲ. ಇಲ್ಲಿ ಮಕ್ಕಳು ಅದೇ ಭಾಷೆಯಲ್ಲಿ ಬೈದಾಡುತ್ತಿದ್ದವು. ನನಗೆ ಹೊಟ್ಟೆಕಿಚ್ಚಾಗುತ್ತಿತ್ತು.

ಏಳನೆಯ ತರಗತಿಯಲ್ಲಿ ಒಬ್ಬ ಹುಡುಗಿ ಇದ್ದಳು. ನಮ್ಮ ಓಣಿಯ ತುದಿಯ ಮನೆಯವಳು, ಇಬ್ಬರು ಅಕ್ಕತಂಗಿಯರಲ್ಲಿ ಸಣ್ಣವಳು. ಹೊರಗೆ ಬಾಯಿ ಬಿಡದವಳು. ರಿಬ್ಬನ್ನಿನ ತುದಿಯನ್ನು ಸದಾ ಹಲ್ಲಲ್ಲಿ ಕಚ್ಚುತ್ತಿದ್ದಳು, ಹಾಗಾಗಿ ಒಂದು ಕಡೆಯ ರಿಬ್ಬನ್ ಯಾವಾಗಲೂ ಹಸಿಯಾಗಿರುತ್ತಿತ್ತು. ಕೋಣೆಯೊಳಗೆ ಕಾಲಿಟ್ಟರೆ ಮಾತ್ರ ಅವಳೇ ಬೇರೆ. ಕಂಡಕ್ಟರಾಗಿ ನನ್ನನ್ನೇ ಗದರಿಸಿ ಹಿಂದೆ ಸರಿಸಿದ್ದಳು. "ಈ ಪೋರಿ ಇಂಗ್ಲಿಷಿನ್ಯಾಗ ಹುಟ್ಟಿದ್ಲಂದ್ರ ಕಲೆಕ್ಟರ್ ಆಗತಿದ್ಲು ನೋಡ ತಂಗಿ" ಎನ್ನುತ್ತಿದ್ದರು ಅಕ್ಕೋರು.

ಅದೊಂದು ಶನಿವಾರ. ಮುಂಜಾನೆ ಶಾಲೆ ಮುಗಿಸಿ, ಬಟ್ಟೆ ಒಗೆದು, ಸಂಜೆಗೆ ಅಕ್ಕೋರು ನಮ್ಮ ಮನೆಗೆ ಬಂದರು. ಮುಖ ಅರಳಿತ್ತು. ನಾನು ಚಹಾಕ್ಕೆ ಇಟ್ಟೆ. ಅತ್ತೆ ಪಡಸಾಲೆಯಲ್ಲಿ ಮೊರದ ತುಂಬ ಜೋಳ ಹಾಕಿಕೊಂಡು ಹರಳು ಆರಿಸುತ್ತಿದ್ದರು. ಆ ದಿನ ದವಾಖಾನೆಯ ಆಟದಲ್ಲಿ ನಡೆದದ್ದನ್ನು ಅಕ್ಕೋರು ಹೇಳತೊಡಗಿದರು. ಹುಡುಗರೆಲ್ಲ ತಲೆನೋವು, ಹೊಟ್ಟೆನೋವು ಎಂದು ಕಲಿಸಿದ್ದನ್ನೇ ಹೇಳಿ ಗುಳಿಗೆ ಇಸಿದುಕೊಂಡು ಹೋದರಂತೆ. ಈ ಹುಡುಗಿಯ ಪಾಳಿ ಬಂದಾಗ ಯಾರೂ ಕಲಿಸದ ಮಾತು ಆಡಿದಳಂತೆ. ಡಾಕ್ಟರ್, ಟುಮಾರೋ ಮೈ ಮ್ಯಾರೇಜ್. ಐ ಆಮ್ ಅಫ್ರೇಡ್. ಪ್ಲೀಸ್ ಗಿವ್ ಮಿ ಫೀವರ್. ಡಾಕ್ಟರಾಗಿದ್ದ ಹುಡುಗ ಕಕ್ಕಾಬಿಕ್ಕಿ. ಎಲ್ಲರೂ ಬಿದ್ದು ಬಿದ್ದು ನಕ್ಕರಂತೆ. ಅಕ್ಕೋರು ಖುಷಿಯಿಂದ ಎದ್ದು ನಿಂತು, ಇಡೀ ತರಗತಿಯಿಂದ ಅವಳಿಗೆ ಚಪ್ಪಾಳೆ ಹೊಡೆಸಿದರಂತೆ.

"ತಾನ ಕಟ್ಟಿದ ಮಾತು ನೋಡ ತಂಗಿ! ಒಂದಕ್ಕೊಂದು ಹೆಂಗ ಜೋಡಿಸ್ಯಾಳ!"

ಅತ್ತೆ ಮೊರದಿಂದ ತಲೆ ಎತ್ತಿದರು. "ಏನಂದಳ್ರಿ ಆಕಿ? ನಮಗೂ ತಿಳಿಯೂ ಹಂಗ ಹೇಳ್ರಿ."

"ಏನಿಲ್ರಿ ಅಮ್ಮಾ... ಡಾಕ್ಟರ್ರ, ನಾಳೆ ನನ್ನ ಮದಿವಿ ಅದ. ನನಗ ಹೆದರಿಕಿ ಬರತದ. ನನಗ ಜ್ವರ ಬರೂ ಹಂಗ ಮಾಡ್ರಿ..."

ಅಷ್ಟು ಹೇಳುವಷ್ಟರಲ್ಲಿ ಅಕ್ಕೋರ ಕೈಯಲ್ಲಿದ್ದ ಬಸಿ ಓರೆಯಾಗಿ ಚಹಾ ಸೀರೆಯ ಮೇಲೆ ಇಳಿಯುತ್ತಿತ್ತು. ಅವರಿಗೆ ಅದರ ಪರಿವೆ ಇರಲಿಲ್ಲ. ಆ ಮಾತನ್ನು ಅವರು ಬೆಳಗಿನಿಂದ ಎಷ್ಟು ಸಲ ತಮ್ಮಷ್ಟಕ್ಕೆ ಅಂದುಕೊಂಡಿದ್ದರೋ, ಕನ್ನಡದಲ್ಲಿ ಅಂದದ್ದು ಅದೇ ಮೊದಲು.

ಅತ್ತೆ ಮತ್ತೆ ಜೋಳಕ್ಕೆ ಕೈ ಹಾಕಿದರು. "ಅದರಾಗ ನಗೂದೇನೈತಿ? ಮಧ್ಯಾಹ್ನ ಟೆಂಪೋ ಮಾಡ್ಕೊಂಡು ಆಕಿ ಮನಿಯವರೆಲ್ಲಾರೂ ಸುರೇಬಾನದ ಕಡೆ ಬೀಗರ ಊರಿಗೆ ಹೋದ್ರಲ್ಲ. ದೊಡ್ಡಾಕಿಗೆ ಮದಿವಿ ಹಂದರ ಹಾಕ್ಯಾರ. ಅಣ್ಣಗ ಅಕ್ಕ, ತಮ್ಮಗ ತಂಗಿ. ಸಣ್ಣಾಕಿದೂ ಅದ ಹಂದರದಾಗ ಮುಗಿಸಿ ಬಿಡತಾರ. ಇದೇನ ಹೊಸಾದ?"

ಊರಿಗೆಲ್ಲ ಹೇಳಿದ್ದು ದೊಡ್ಡವಳ ಮದುವೆ ಎಂದು. ಒಂದೇ ಹಂದರದಲ್ಲಿ ಎರಡು ಮುಗಿಸಿದರೆ ಊಟವೂ ಒಂದೇ, ವಾಲಗವೂ ಒಂದೇ. ಕೇಳುವವರೂ ಇಲ್ಲ.

ಅಕ್ಕೋರು ಅಲ್ಲಿಂದಲೇ ಫೋನು ಹಚ್ಚತೊಡಗಿದರು. ಮೇಲಿನವರಿಗೆ, ಅವರ ಮೇಲಿನವರಿಗೆ. ಬೆಳಿಗ್ಗೆ ಯಾರನ್ನಾದರೂ ಕಳಿಸುತ್ತೇವೆ ಎಂಬ ಮಾತು ಸಿಕ್ಕಿತು. ಮರುದಿನ ಮೊದಲ ಬಸ್ಸಿಗೆ ನಾನೂ ಅವರ ಜೊತೆ ಹೊರಟೆ. ರಾಮದುರ್ಗದಲ್ಲಿ ಬಸ್ಸು ಬದಲಿಸಿ, ಸುರೇಬಾನದಿಂದ ಆಚೆ ಟಂಟಂ ರಿಕ್ಷಾ ಹಿಡಿದು ಹೋದೆವು. ದಾರಿಯುದ್ದಕ್ಕೂ ಅವರು ಆಡಿದ್ದು ಒಂದೇ ಮಾತು. "ಮುಹೂರ್ತ ಹತ್ತಕ್ಕ ಐತಂತ. ಇನ್ನೂ ಟೈಮ್ ಐತಿ."

ಹಂದರದಲ್ಲಿ ದೊಡ್ಡವಳು ಬಾಸಿಂಗ ಕಟ್ಟಿಕೊಂಡು ಕುಳಿತಿದ್ದಳು. ಪಕ್ಕದಲ್ಲಿ ಸಣ್ಣವಳು, ಕಳಸಗಿತ್ತಿಯ ಜಾಗದಲ್ಲಿ, ಕೈಯಲ್ಲಿ ತಂಬಿಗೆ ಹಿಡಿದು. ನೋಡಿದವರಿಗೆ ಅಕ್ಕನ ಮದುವೆಯಲ್ಲಿ ಓಡಾಡುವ ತಂಗಿ. ನಾನು ನೋಡಿದ್ದು ಅವಳ ಕಾಲು. ಸೀರೆಯ ಅಂಚಿನೊಳಗೆ ಎಷ್ಟು ಎಳೆದುಕೊಂಡರೂ ಬೆರಳು ಹೊರಗೆ ಬರುತ್ತಿತ್ತು. ಹೊಸ ಕಾಲುಂಗುರ. ಬಿಗಿಯಾಗಿ ಬೆರಳು ಕೆಂಪಗೆ ಬಾತಿತ್ತು. ನಸುಕಿನಲ್ಲೇ, ದೇವರ ಕೋಣೆಯಲ್ಲಿ, ನಾಲ್ಕು ಜನರ ಎದುರು ಸಣ್ಣವಳಿಗೆ ಅಕ್ಷತೆ ಹಾಕಿ ಮುಗಿಸಿದ್ದರೆಂದು ಆಮೇಲೆ ತಿಳಿಯಿತು.

ಸ್ವಲ್ಪ ಹೊತ್ತಿಗೆ ತಾಲೂಕಿನ ಸಾಹೇಬರ ಜೀಪು ಬಂತು. ಸಾಹೇಬರು ಕುರ್ಚಿಯಲ್ಲಿ ಕುಳಿತು ಹುಡುಗಿಯನ್ನು ಕರೆಸಿದರು. ಅವಳ ಹೆಗಲ ಮೇಲೆ ಸೋದರತ್ತೆಯ ಕೈ ಇತ್ತು. "ನಿಂದೂ ಮದಿವಿ ಆಗೇತೇನು?" ಎಂದು ಕೇಳಿದರು. ಅವಳು ನೆಲ ನೋಡುತ್ತ, "ಇಲ್ರಿ, ಅಕ್ಕಂದು" ಎಂದಳು. ನಾನು ಕಾಲುಂಗುರ ತೋರಿಸಿದೆ. ಆ ಸೋದರತ್ತೆ, "ಅವು ದೇವರ ಹರಕಿವು ಅದಾವ್ರಿ" ಎಂದಳು.

"ನಿಮಗ ಯಾರ ಹೇಳಿದ್ರಿ?" ಸಾಹೇಬರು ಅಕ್ಕೋರ ಕಡೆ ತಿರುಗಿದರು.

"ಆಕೀನ ಹೇಳ್ಯಾಳ್ರಿ. ನಿನ್ನೆ, ಸಾಲ್ಯಾಗ... ಆಟದಾಗ."

ಗಂಡಸರೆಲ್ಲ ನಕ್ಕರು. ಸಾಹೇಬರೂ ನಕ್ಕರು. "ಆಟದಾಗ ಅಂದಿದ್ದ ಹಿಡಕೊಂಡು ಇಷ್ಟ ಮಂದೀನ ಓಡಿಸೀರೇನ್ರಿ ಅಕ್ಕೋರ? ನಾಳೆ ಆಟದಾಗ ಖೂನಿ ಆತಂದ್ರ ಪೊಲೀಸರ್ನ ಕರೀತೀರಿ." ಯಾರೋ, "ಬಂದೀರಿ, ಉಂಡ ಹೋಗ್ರಿ ಅಕ್ಕೋರ, ಬುಂದೆ ಐತಿ" ಎಂದು ಕೂಗಿದರು. ಜೀಪು ಹೋಯಿತು.

ನಾವು ಹೊರಡುವಾಗ ಹುಡುಗಿ ನೀರಿನ ಬ್ಯಾರಲ್ ಹತ್ತಿರ ತಂಬಿಗೆ ತೊಳೆಯುತ್ತಿದ್ದಳು. ಅಕ್ಕೋರು ಹತ್ತಿರ ಹೋಗಿ ಅವಳ ಗಲ್ಲ ಹಿಡಿದರು. "ಸಾಹೇಬರ ಮುಂದ ಒಂದ ಮಾತ ಹೇಳಬಾರದಿತ್ತೇನವ್ವಾ?"

ಅವಳು ಸಿಟ್ಟಿನಿಂದ ಹೇಳಲಿಲ್ಲ. ಹಾಜರಿ ಕೂಗಿದರೆ ಹೇಳುವಂತೆ ಹೇಳಿದಳು. "ನಿನ್ನೆ ಹೇಳಿದ್ನೆಲ್ರೀ ಅಕ್ಕೋರ."

ಸೋಮವಾರ ಅಕ್ಕೋರು ಎಂದಿನಂತೆ ಶಾಲೆಗೆ ಹೋದರು. ಕೋಣೆಯ ಕಟ್ಟಳೆ ಅವತ್ತೇ ಹೋಯಿತು. ಬೇಕಾದವರು ಬೇಕಾದ ಭಾಷೆಯಲ್ಲಿ ಮಾತಾಡಬಹುದು. ಆದರೆ ಅವರಿಗೊಂದು ಹೊಸ ರೂಢಿ ಬಿತ್ತು. ಮಗು ಆಟದಲ್ಲಿ ತಲೆನೋವು ಎಂದರೆ ಸಾಕು, ಹತ್ತಿರ ಹೋಗಿ ಕುಕ್ಕರುಗಾಲಲ್ಲಿ ಕುಳಿತು, "ಆಟಾನೋ, ಖರೇನೋ?" ಎಂದು ಕೇಳುತ್ತಿದ್ದರು. ಅಂಗಡಿಯ ಆಟದಲ್ಲಿ ಒಬ್ಬ ಸಕ್ಕರೆ ಇಲ್ಲ ಎಂದರೆ, "ಮನ್ಯಾಗೂ ಇಲ್ಲೇನಪಾ? ಖರೇ ಹೇಳು." ಹುಡುಗರು ಓಣಿಯಲ್ಲಿ ಅವರ ದನಿ ಅಣಕಿಸಿ ಆಡತೊಡಗಿದರು. ಒಬ್ಬ ಬೀಳುವುದು, ಇನ್ನೊಬ್ಬ "ಆಟಾನೋ, ಖರೇನೋ" ಎನ್ನುವುದು.

ಮದುವೆ ಕೆಡಿಸಲು ಹೋದ ಅಕ್ಕೋರು ಎಂಬ ಹೆಸರೂ ಬಂತು. ಹೆಣ್ಣುಮಕ್ಕಳನ್ನು ಆ ಕೋಣೆಗೆ ಕಳಿಸಬೇಡಿ ಎಂದು ಮನೆಗಳವರು ಹೇಳಿದರು. ಬೆಂಚಿನ ಬಸ್ಸಿಗೆ ಪ್ಯಾಸೆಂಜರ್ ಕಡಿಮೆಯಾದರು. ಮುಂದಿನ ವರ್ಷ ಅಕ್ಕೋರಿಗೆ ಸವದತ್ತಿ ಕಡೆಗೆ ವರ್ಗವಾಯಿತು. ಕೋಣೆಯಲ್ಲಿ ಬಿಸಿಯೂಟದ ಅಕ್ಕಿಚೀಲ ಇಟ್ಟರು. ಡಬ್ಬಿಗಳನ್ನು ಅಡುಗೆಯವರು ಒಲೆಗೆ ಹಾಕಿದರಂತೆ.

ಹಬ್ಬ ಹುಣ್ಣಿಮೆಗೆ ಫೋನು ಮಾಡುತ್ತಿದ್ದರು. ಮಕ್ಕಳು ಹೇಗಿವೆ, ಅತ್ತೆ ಹೇಗಿದ್ದಾರೆ ಎಂದೆಲ್ಲ ಕೇಳಿ, ಕೊನೆಗೆ, "ಆಕಿ ಎಲ್ಲೆರ ಕಂಡಿದ್ಲೇನ ತಂಗಿ?" ಎನ್ನುತ್ತಿದ್ದರು. ಅವಳು ತವರಿಗೆ ಬರುವುದೇ ಅಪರೂಪ. ಬಂದರೂ ಹೊರಗೆ ಕಾಣುತ್ತಿರಲಿಲ್ಲ. ಇಲ್ಲ ಎನ್ನುತ್ತಿದ್ದೆ. "ಇರಲಿ ಬಿಡು" ಎಂದು ಇಟ್ಟುಬಿಡುತ್ತಿದ್ದರು. ನಿವೃತ್ತಿಯಾಗಿ ಬೈಲಹೊಂಗಲಕ್ಕೆ ಹೋದ ಮೇಲೂ ಅದೇ ಪ್ರಶ್ನೆ. ಹೋದ ದೀಪಾವಳಿಗೆ ಫೋನು ಬರಲಿಲ್ಲ. ನಾನೇ ಮಾಡಿದಾಗ ಅವರ ತಮ್ಮ ಎತ್ತಿದರು. ತೀರಿಕೊಂಡು ಆಗಲೇ ತಿಂಗಳಾಗಿತ್ತು...

ಹೋದ ವಾರ ಯರಗಟ್ಟಿಯ ಬಸ್‌ಸ್ಟ್ಯಾಂಡಿನಲ್ಲಿ ಒಬ್ಬಳು ಬಂದು ನನ್ನ ಕೈ ಹಿಡಿದಳು. ಜೊತೆಗೆ ಹತ್ತು ವರ್ಷದ ಮಗಳು. ಗುರುತು ಹತ್ತಲು ಸ್ವಲ್ಪ ಹೊತ್ತು ಬೇಕಾಯಿತು. ಮುಖ ಬತ್ತಿತ್ತು, ಮುಂದಿನ ಹಲ್ಲೊಂದು ಮುರಿದಿತ್ತು.

"ಅಕ್ಕೋರು ಹೆಂಗದಾರ್ರಿ ಯಕ್ಕಾ?"

ಹೇಳಿದೆ. ಅವಳು ಮಗಳನ್ನು ಹತ್ತಿರ ಎಳೆದುಕೊಂಡಳು. ಆಮೇಲೆ ಕೆಳದನಿಯಲ್ಲಿ, "ಅವರಿಗೆ ನನ್ನ ಮ್ಯಾಲ ಭಾಳ ಸಿಟ್ಟ ಇತ್ತೇನ್ರಿ?" ಎಂದಳು. "ಸಾಹೇಬರ ಮುಂದ ನಾ ಸುಳ್ಳ ಹೇಳಿದ್ನೆಲ್ರಿ. ಅಷ್ಟ ಮಂದಿ ಮುಂದ ಅವರ ಮಾನಾ ಹೋತು. ಅದಕ್ಕ ನಾ ಮಾರಿ ತೋರಸಲಿಲ್ಲ. ಒಮ್ಮೆ ಹೋಗಿ ಕಾಲ ಬೀಳಬೇಕಂತಿದ್ದೆ..."

ಸಿಟ್ಟು ಇರಲಿಲ್ಲವ್ವಾ ಎಂದೆ. ಪ್ರತಿ ಸಲ ನಿನ್ನನ್ನೇ ಕೇಳುತ್ತಿದ್ದರು ಎಂದೆ. ಚಪ್ಪಾಳೆ ಹೊಡೆಸಿದ್ದಕ್ಕೆ ಸಾಯುವ ತನಕ ಕೊರಗಿದರು ಎಂದೂ ಹೇಳಿದೆ. ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಬಸ್ಸು ಬಂತು. ಮಗಳನ್ನು ಮುಂದೆ ಮಾಡಿಕೊಂಡು ನೂಕುನುಗ್ಗಲಿನಲ್ಲಿ ಹತ್ತಿದಳು. ಜಾಗ ಸಿಗದೆ ನಿಂತೇ ಹೋದಳು.

ಇಷ್ಟು ವರ್ಷ ಆ ಕಡೆ ಒಬ್ಬರು, ಈ ಕಡೆ ಒಬ್ಬರು, ತಾನೇ ತಪ್ಪು ಮಾಡಿದೆ ಎಂದುಕೊಂಡು ಬದುಕಿದ್ದರು. ಅವಳಿಗೆ ಹೇಳಬೇಕಾದದ್ದನ್ನು ನಾನು ಹೇಳಿ ಮುಗಿಸಿದೆ. ಆಕಿ ಕಂಡಿದ್ಲು, ನಿಮ್ಮನ್ನ ಕೇಳಿದ್ಲು ಎಂದು ಹೇಳಬೇಕಾದವರು ಒಬ್ಬರೇ ಇದ್ದರು. ಅವರಿಲ್ಲ.